ಸೋಮವಾರ ಪೇಠೆಯ ಫ್ರೆಂಚ್ ಸವತಿ

ಮೊನ್ನೆ, ದಸರೆಯ ಮರುವಾರ, ಪುಣೆಯ ಹತ್ತಿರದ ನಿಗಡಿಯಲ್ಲಿ ಮಗಳ ಮನೆಯ ಹಿಂದೆ ಬಟ್ಟೆ ಒಣಹಾಕುತ್ತಿದ್ದೆ. ಪಕ್ಕದ ಮನೆಯವರು ತಮ್ಮ ದ್ರಾಕ್ಷಿ ಬಳ್ಳಿಯನ್ನು ಆಗಷ್ಟೇ ಸವರಿ ಒಳಗೆ ಹೋಗಿದ್ದರು. ಕತ್ತರಿಸಿದ ತುದಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಹಸಿ ಕಡ್ಡಿಯ ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಸೀರೆ ಕೈಯಲ್ಲೇ ಉಳಿಯಿತು. ಬೇಲಿಯಾಚೆ ಕೈ ಚಾಚಿ ಒಂದು ಹನಿಯನ್ನು ಬೆರಳಿಗೆ ಹಿಡಿದೆ. ಮಗಳು ಅಡಿಗೆಮನೆ ಕಿಟಕಿಯಿಂದ ನೋಡಿ, “ಅವ್ವಾ, ಮಂದಿ ಮನಿ ಬಳ್ಳಿಗೆ ಏನ್ ಮಾಡಲಿಕತ್ತೀ?” ಎಂದಳು.

“ಅಳಲಿಕತ್ತದ. ಕಣ್ಣು ಒರಸಲಿಕತ್ತೇನಿ,” ಎಂದೆ.

ಅವಳು ಹಣೆ ಚಚ್ಚಿಕೊಂಡಳು. ಅವಳಿಗೇನು ಗೊತ್ತು! ದ್ರಾಕ್ಷಿ ಬಳ್ಳಿ ಅಳುತ್ತದೆ ಎಂದು ನನಗೆ ಹೇಳಿಕೊಟ್ಟ ಕಾಕಾ ಅವಳು ಹುಟ್ಟುವ ಮೊದಲೇ ಹೋದರು...

ನಾನು ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದಾಗ ನಮ್ಮ ಸಂಸಾರ ಸೋಮವಾರ ಪೇಠೆಯ, ಹತ್ತಾರು ಬಿಡಾರಗಳಿದ್ದ ಒಂದು ವಾಡೆಯಲ್ಲಿ, ಎರಡು ಕೋಣೆಗಳಲ್ಲಿ. ಅಂಗಳ ಎಲ್ಲರದು, ಬಾವಿ ಎಲ್ಲರದು. ಯಜಮಾನರು ಕೋರ್ಟಿನ ಗುಮಾಸ್ತಿಕೆಗೆ ಹೋದರೆಂದರೆ ನಾನು ಮೂಗಿ. ಮರಾಠಿ ಬರುತ್ತಿರಲಿಲ್ಲ, ಬಂದ ಎರಡು ಮಾತು ಆಡಿದರೆ ವಾಡೆಯ ಹೆಂಗಸರು ಸೆರಗು ಬಾಯಿಗೆ ಹಚ್ಚಿ ನಗುತ್ತಿದ್ದರು. ಪುಣ್ಯಕ್ಕೆ ಎದುರು ಕೋಣೆಯಲ್ಲಿ ಬೆಳಗಾವಿ ಕಡೆಯ ವಯಸ್ಸಾದ ದಂಪತಿ ಇದ್ದರು. ಮಕ್ಕಳಿರಲಿಲ್ಲ. ಅವರನ್ನು ಮೊದಲ ದಿನದಿಂದಲೇ ಕಾಕಾ, ಕಾಕು ಎಂದೆ.

ಬಾವಿಯ ಬಚ್ಚಲು ನೀರು ಹರಿಯುವಲ್ಲಿ ಒಂದು ದ್ರಾಕ್ಷಿ ಬಳ್ಳಿ ಚಪ್ಪರಕ್ಕೆ ಹಬ್ಬಿತ್ತು. ಎಲೆಯೇ ಎಲೆ, ಒಂದು ಹಣ್ಣಿಲ್ಲ. ಯಾರ ಬಳ್ಳಿ ಎಂದು ಕಾಕುವನ್ನು ಕೇಳಿದೆ. “ನನ್ನ ಸವತಿ ಅಕಿ. ಫ್ರಾನ್ಸದಿಂದ ಕಟಗೊಂಡು ಬಂದಾರ ನಮ್ಮವರು,” ಎಂದರು ಕಾಕು. ಅಯ್ಯ ಶಿವನೇ ಎಂದು ನಾನು ಬಾಯಿ ಮೇಲೆ ಕೈಯಿಟ್ಟುಕೊಂಡೆ. ಆಮೇಲೆ ತಿಳಿಯಿತು, ಕಾಕಾ ಮೊದಲ ಮಹಾಯುದ್ಧದಲ್ಲಿ ಕೂಲಿ ದಂಡಿನ ಗುಮಾಸ್ತರಾಗಿ ಫ್ರಾನ್ಸಿಗೆ ಹೋಗಿದ್ದರು. ಅಲ್ಲಿ ಎದೆಯಲ್ಲಿ ಕಫ ಕಟ್ಟಿ, ರೋನ್ ನದಿಯ ದಂಡೆಯ ಒಂದು ಆಸ್ಪತ್ರೆಯಲ್ಲಿ ಮಲಗಿದರು. ಸ್ವಲ್ಪ ಗುಣವಾದ ಮೇಲೆ ಹತ್ತಿರದ ಹಳ್ಳಿಯ ಒಬ್ಬ ಮುದುಕಿಯ ಮನೆಯಲ್ಲಿ ಇರಿಸಿದರು. ಮುದುಕಿಯ ಗಂಡುಮಕ್ಕಳು ಯುದ್ಧದಲ್ಲಿ ಸತ್ತಿದ್ದರು. ದ್ರಾಕ್ಷಿ ತೋಟ ನೋಡುವವರಿರಲಿಲ್ಲ. ಕಾಕಾ ಆ ಚಳಿಗಾಲವೆಲ್ಲ ಆಕೆಯ ಜೊತೆ ಬಳ್ಳಿ ಸವರಿದರು. ಊರಿಗೆ ಹೊರಟಾಗ ಆಕೆ ನಾಲ್ಕು ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ತನ್ನ ಬಾಗಿದ ಚಾಕುವಿನ ಸಮೇತ ಕೈಗಿಟ್ಟಳಂತೆ. ಎಲ್ಲಾದರೂ ಬದುಕಲಿ, ಬದುಕಿದರೆ ಒಂದು ಹಣ್ಣು ತಿಂದು ನನ್ನನ್ನು ನೆನೆಸಿಕೋ ಎಂದಳಂತೆ. ನಾಲ್ಕರಲ್ಲಿ ಬದುಕಿದ್ದು ಇದೊಂದೇ.

ಆ ಒಂದು ಹಣ್ಣಿಗಾಗಿ ಕಾಕಾ ವರ್ಷಗಟ್ಟಲೆ ಕಾದಿದ್ದರು.

ನಾನು ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಆರಿಸಲು ಕೂತರೆ ಕಾಕಾ ಎದುರಿಗೆ ಬಂದು ಕೂರುತ್ತಿದ್ದರು. ನನ್ನ ಮೊರದಲ್ಲೇ ಬೆರಳಿನಿಂದ ಗೆರೆ ಎಳೆದು ರೋನ್ ನದಿ ಹರಿಸುತ್ತಿದ್ದರು. ಪಡುವಣಕ್ಕೆ ನಾಲ್ಕು ತೊಗರಿಬೇಳೆ ಇಟ್ಟರೆ ವೈನಿಗೆ ಹೆಸರಾದ ಬೋರ್ಡೊ ಸೀಮೆ, ನಡುವೆ ಹೆಸರುಕಾಳು ಇಟ್ಟರೆ ಬರ್ಗಂಡಿ, ಮೇಲೆ ಒಂದು ಚಿಟಿಕೆ ರವೆ ಸುರಿದರೆ ಷಾಂಪೇನ್, ಯಾಕೆಂದರೆ ಅಲ್ಲಿಯ ನೆಲ ಸುಣ್ಣದಂತೆ ಬಿಳಿ. “ಉಣ್ಣೋ ಅಕ್ಕಿಯೊಳಗ ಕುಡುಕರ ಊರು ಕಟ್ಟಬ್ಯಾಡ್ರಿ!” ಎಂದು ಕಾಕು ಒಳಗಿಂದಲೇ ಕೂಗುತ್ತಿದ್ದರು. ಕಾಕಾ ಕೇಳಿಯೂ ಕೇಳದವರಂತೆ ಇನ್ನೊಂದು ಊರು ಕಟ್ಟುತ್ತಿದ್ದರು.

ಇಷ್ಟೆಲ್ಲ ಅವರಿಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ. ಒಂದೊಂದು ಮಂಚದಲ್ಲಿ ಒಂದೊಂದು ಸೀಮೆಯ ಸಿಪಾಯಿ. ಕಾಲು ಹೋದವನೂ ಕೈ ಹೋದವನೂ ತನ್ನ ಊರಿನ ವೈನೇ ದೊಡ್ಡದೆಂದು ಜಗಳಕ್ಕೆ ನಿಲ್ಲುತ್ತಿದ್ದರಂತೆ. ಅವರು ದ್ರಾಕ್ಷಿಯ ಹೆಸರು ಹೇಳುತ್ತಿರಲಿಲ್ಲ, ಊರಿನ ಹೆಸರೇ ಹೇಳುತ್ತಿದ್ದರು. ಅದು ನನಗೆ ವಿಚಿತ್ರ ಎನಿಸಿತು. “ಏನ ವಿಚಿತ್ರ? ನೀ ಧಾರವಾಡದ ಪೇಢೆ ಅಂತೀ, ನಿಮ್ಮ ಕಾಕು ಬೆಳಗಾವಿ ಕುಂದಾ ಅಂತಾಳ. ಯಾವ ಎಮ್ಮಿ ಹಾಲು ಅಂತ ಹೇಳ್ತೀರೇನು?” ಎಂದರು ಕಾಕಾ.

ಬೋರ್ಡೊದವರು ದ್ರಾಕ್ಷಿಗಳನ್ನು ಬೆರೆಸುತ್ತಾರೆ. ದಪ್ಪ ಸಿಪ್ಪೆಯ ಕಬರ್ನೇ ಜಾತಿ ಒಗರು, ಅದನ್ನು ಮೆತ್ತಗಾಗಿಸಲು ಮೆರ್ಲೋ. ಅದು ಥಾಲಿಪೀಟು ಇದ್ದ ಹಾಗೆ, ನಾಲ್ಕು ಹಿಟ್ಟು ಸೇರಬೇಕು. ಬರ್ಗಂಡಿಯ ಕೆಂಪು ವೈನು ಪಿನೋ ನ್ವಾರ್ ಜಾತಿ ಒಂದರದ್ದೇ, ಜೋಳದ ರೊಟ್ಟಿ ಇದ್ದ ಹಾಗೆ. ಅದರ ಸಿಪ್ಪೆ ತೆಳು, ಸಿಟ್ಟು ಬೇಗ, ಬಿಸಿಲಾದರೂ ಕಷ್ಟ ಮಳೆಯಾದರೂ ಕಷ್ಟ. ಷಾಂಪೇನಿನಲ್ಲಿ ಕಪ್ಪು ದ್ರಾಕ್ಷಿಯಿಂದಲೂ ಬಿಳಿ ವೈನು ತೆಗೆಯುತ್ತಾರೆ ಎಂದಾಗ ನಾನು ನಂಬಲಿಲ್ಲ. ಹಣ್ಣಿನ ಮಂಡಿಯಿಂದ ಕಪ್ಪು ದ್ರಾಕ್ಷಿ ತರಿಸಿ ಹಿಂಡಿದೆ. ಹೌದು, ರಸ ನೀರಿನ ಬಣ್ಣ, ಕಪ್ಪೆಲ್ಲ ಸಿಪ್ಪೆಯಲ್ಲಿ! ನಮ್ಮ ಬಳ್ಳಿಯ ಜಾತಿ ಸಿರಾ. ಮುದುಕಿಯ ಸೀಮೆಯದು. ಅದರ ವೈನಿನಲ್ಲಿ ಕರಿಮೆಣಸಿನ ವಾಸನೆ ಬರುತ್ತದೆ ಎಂದು ಕಾಕಾ ಕಣ್ಣು ಮುಚ್ಚಿ ಹೇಳುತ್ತಿದ್ದರು. “ವಾಸನಿ ಅಷ್ಟ ಗೊತ್ತದನೋ, ಕುಡಿದೂ ನೋಡೀರೋ?” ಎಂದು ಕಾಕು ಬಾಗಿಲಿಗೆ ಬರುತ್ತಿದ್ದರು. ಕಾಕಾ ಕೂಡಲೇ ಬಾವಿಗೆ ನೀರು ಸೇದಲು ಎದ್ದುಬಿಡುತ್ತಿದ್ದರು.

ನನಗೆ ವೈನಿನ ಹುಚ್ಚೇನೂ ಇರಲಿಲ್ಲ. ಹಗಲಿಡೀ ಕನ್ನಡದಲ್ಲಿ ಮಾತಾಡಲು ಒಬ್ಬರಿದ್ದರಲ್ಲ, ಅದೇ ನನಗೆ ಹಬ್ಬ. ಆ ಕಾಳುಗಳ ಊರುಗಳಿಂದಲೇ ನಾನು ಪುಣೆಯಲ್ಲಿ ಬದುಕುವುದನ್ನು ಕಲಿತೆ ಎಂದರೂ ಸುಳ್ಳಲ್ಲ.

ಬಳ್ಳಿ ಯಾಕೆ ಕಾಯಿ ಬಿಡುವುದಿಲ್ಲ ಎಂಬುದು ಮಾತ್ರ ವಾಡೆಗೆಲ್ಲ ಗೊತ್ತಿತ್ತು. ಪುಣೆಯ ಸುತ್ತಿನವರು ಮಳೆ ಹಿಂದಾದ ಮೇಲೆ, ದಸರೆಯ ಆಸುಪಾಸಿಗೆ, ದ್ರಾಕ್ಷಿ ಸವರುತ್ತಾರೆ. ಶಿವರಾತ್ರಿಯ ಹೊತ್ತಿಗೆ ಹಣ್ಣು. ಕಾಕಾ ಕೇಳಬೇಕಲ್ಲ! ಮುದುಕಿ ಹೇಳಿದ್ದೇ ವೇದ. ಚಳಿಗೆ ಎಲೆಯೆಲ್ಲ ಉದುರಿ ಬಳ್ಳಿ ಮಲಗಬೇಕು, ಮಲಗಿದ ಮೇಲೆಯೇ ಚಾಕು ಮುಟ್ಟಿಸಬೇಕು. ಎಚ್ಚರವಿದ್ದ ಬಳ್ಳಿಯನ್ನು ಕತ್ತರಿಸಿದರೆ ಕರುವಿಗೆ ಹಾಲೂಡಿಸುವ ಆಕಳನ್ನು ಹೊಡೆದ ಪಾಪ. ಸರಿ, ಆದರೆ ಪುಣೆಯಲ್ಲಿ ಬಳ್ಳಿ ಎಲ್ಲಿ ಮಲಗುತ್ತದೆ? ಎಲೆ ಉದುರಲಿ ಎಂದು ಕಾಕಾ ಕಾಯುತ್ತಿದ್ದರು, ಎಲೆ ಉದುರುತ್ತಿರಲಿಲ್ಲ. ಸಂಕ್ರಾಂತಿ ದಾಟಿ, ಕಂಬಳಿ ಹೊದ್ದುಕೊಂಡು, ಮನಸ್ಸಿಲ್ಲದ ಮನಸ್ಸಿನಿಂದ ಸವರುತ್ತಿದ್ದರು. ಹೂವು ಬರುವಷ್ಟರಲ್ಲಿ ಬಿಸಿಲು ಬಡಿದು ಉದುರುತ್ತಿತ್ತು. ಉಳಿದ ನಾಲ್ಕು ಕಾಯಿ ಮಳೆಗೆ ಕೊಳೆಯುತ್ತಿದ್ದವು. ಖಂಡೇನವಮಿಯ ದಿನ ಆ ಬಾಗಿದ ಚಾಕುವಿಗೆ ಕುಂಕುಮ ಹಚ್ಚಿ ಪೂಜೆ ಮಾಡಿ ಮತ್ತೆ ಪೆಟ್ಟಿಗೆಯಲ್ಲಿಡುವುದು ಅವರ ಪದ್ಧತಿ. “ಪೂಜಿ ಮಾಡಿದ್ದ ದಿನಾನ ಕೆಲಸಕ್ಕ ಹಚ್ಚರಿ,” ಎಂದು ಕಾಕು ಪ್ರತಿ ವರ್ಷ ಹೇಳುತ್ತಿದ್ದರು, ಪ್ರತಿ ವರ್ಷ ಜಗಳ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರು ಪ್ಯಾರಿಸ್ ಹೊಕ್ಕರು ಎಂಬ ಸುದ್ದಿ ಬಂದ ಮಳೆಗಾಲ ಕಾಕಾ ಹಾಸಿಗೆ ಹಿಡಿದರು. ಪತ್ರಿಕೆ ಓದಿ ಹೇಳಿದ್ದು ನಮ್ಮ ಯಜಮಾನರು. ಹಳೆಯ ಕಫ ಮತ್ತೆ ಎದೆಗೆ ಬಂತು. ಅನ್ನ ಸೇರದು, ಮಾತು ಸೇರದು. ಮುದುಕಿ ಬದುಕಿದ್ದರೆ ಎಷ್ಟು ವಯಸ್ಸಾಗಿರಬಹುದು ಎಂದು ಒಮ್ಮೆ ನನ್ನನ್ನು ಕೇಳಿದರು. ಡಾಕ್ಟರು ಹೊರಗೆ ಬಂದು ಕಾಕುವಿಗೆ, ಮುಂದಿನ ಮಳೆಗಾಲ ಕಾಣುವುದು ಕಷ್ಟ ಎಂದು ಹೇಳಿಹೋದರು.

ಖಂಡೇನವಮಿಯ ಪೂಜೆಯನ್ನು ಆ ವರ್ಷ ಕಾಕುವೇ ಮಾಡಿದರು. ಮರುದಿನ, ವಾಡೆಯವರೆಲ್ಲ ಬನ್ನಿ ಹಂಚಲು ಹೊರಟಿದ್ದಾಗ, ಕಾಕು ಕಚ್ಚೆ ಬಿಗಿದು ಚಪ್ಪರದ ಕೆಳಗೆ ನಿಂತರು. ಕೈಯಲ್ಲಿ ಕುಂಕುಮ ಹಚ್ಚಿದ ಆ ಚಾಕು. “ಹಿಡಿ ತಂಗಿ, ಏಣಿ ಅಲ್ಲಾಡದಂಗ ಹಿಡಿ. ಅವರು ಒಂದ ಹಣ್ಣು ತಿಂದು ಹೋಗಲಿ,” ಎಂದರು. ನಾನು ಏಣಿ ಹಿಡಿದೆ. ಹಸಿರಾಗಿ ತುಂಬಿದ್ದ ಬಳ್ಳಿ ಕಣ್ಣೆದುರಿಗೇ ಬೋಳಾಯಿತು. ಪ್ರತಿ ತುದಿಯಿಂದಲೂ ನೀರು.

ಒಳಗಿನ ಮಂಚದಿಂದ ಅಂಗಳ ಕಾಣುತ್ತಿತ್ತು. ಕಾಕಾ ನೋಡಿದರು. “ಕೊಂದ್ಯಲ್ಲ,” ಎಂದಷ್ಟೇ ಹೇಳಿ ಗೋಡೆಯ ಕಡೆ ಹೊರಳಿದರು.

ಆಮೇಲೆ ಅವರು ಕಾಕುವಿನ ಜೊತೆ ಮಾತು ಬಿಟ್ಟರು. ಗಂಜಿ ಕೊಟ್ಟರೆ ಕುಡಿಯುತ್ತಿದ್ದರು, ಮೈ ಒರೆಸಿದರೆ ಒರೆಸಿಸಿಕೊಳ್ಳುತ್ತಿದ್ದರು, ಮಾತಿಲ್ಲ. ನೀರು ಬೇಕಾದರೂ ನನ್ನನ್ನು ಕರೆಯುತ್ತಿದ್ದರು. ಎಂಥ ಹಟಮಾರಿ ಮುದುಕ ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ. ಕಾಕು ಮಾತ್ರ ಒಂದು ದಿನವೂ ಅಳಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬೋಳು ಕಡ್ಡಿಗಳ ಹತ್ತಿರ ಹೋಗಿ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. “ಏನವ್ವಾ ಸವತಿ, ನನ್ನ ಮಾನ ಕಳೀಬ್ಯಾಡ,” ಎನ್ನುತ್ತಿದ್ದರು.

ದೀಪಾವಳಿಯ ಹೊತ್ತಿಗೆ ಚಿಗುರು ಒಡೆಯಿತು. ಆಮೇಲೆ ಎಲೆ, ಎಲೆಯ ಬುಡದಲ್ಲಿ ಸಾಸಿವೆಯಂಥ ಗೊಂಚಲು. ಶಿವರಾತ್ರಿಗೆ ಅವು ಕಪ್ಪಾದವು. ಹಣ್ಣು ಸಣ್ಣವು, ದಪ್ಪ ಸಿಪ್ಪೆ, ಬಾಯಿ ತುಂಬ ಬೀಜ. ಮಂಡಿಯಲ್ಲಿ ಇಟ್ಟರೆ ಯಾರೂ ಮುಟ್ಟಲಿಕ್ಕಿಲ್ಲ. ಕಾಕು ಒಂದು ಗೊಂಚಲನ್ನು ಹಿತ್ತಾಳೆ ತಾಟಿನಲ್ಲಿಟ್ಟು ಮಂಚದ ಹತ್ತಿರ ಒಯ್ದರು. ನಾನು ಹೊಸ್ತಿಲಲ್ಲಿ ನಿಂತೆ. ಕಾಕಾ ಬಹಳ ಹೊತ್ತು ಹಣ್ಣು ನೋಡಿದರು, ಒಂದನ್ನು ಕಿತ್ತು ಬಾಯಿಗೆ ಹಾಕಿ ಕಣ್ಣು ಮುಚ್ಚಿದರು.

“ಇದು ಅಲ್ಲೀದಲ್ಲ,” ಎಂದರು.

ಕಾಕುವಿನ ಮುಖ ಇಳಿದುಹೋಯಿತು. ತಾಟು ಎತ್ತಲು ಬಗ್ಗಿದಾಗ ಕಾಕಾ ಅವರ ಕೈ ಹಿಡಿದರು. “ಇದು ಸೋಮವಾರ ಪೇಠದ್ದು. ಭಾಳ ಛಲೋ ಆಗೇದ. ನೀನೂ ತಿನ್ನು.”

ಸವತಿಯ ಹಣ್ಣನ್ನು ಕಾಕು ತಿಂದರು. ಹುಳಿಗೆ ಕಣ್ಣು ಕಿರಿದಾಯಿತೋ, ಅಳು ಬಂತೋ, ಎರಡೂ ಇದ್ದೀತು. ಸೆರಗಿನಿಂದ ಮುಖ ಒರೆಸಿಕೊಂಡು, “ಈಗರ ಖರೇ ಹೇಳ್ರಿ, ಅಲ್ಲೆ ಕುಡಿದಿದ್ರೋ ಇಲ್ಲೋ?” ಎಂದರು. ಕಾಕಾ ನಕ್ಕರು. ನಗುತ್ತಲೇ ಕೆಮ್ಮು ಬಂತು. ಉತ್ತರ ಕೊನೆಗೂ ಬರಲಿಲ್ಲ.

ಡಾಕ್ಟರು ಹೇಳಿದಂತೆಯೇ ಆಯಿತು. ಮಳೆ ಹತ್ತುವ ಮೊದಲು ಕಾಕಾ ಹೋದರು...

ಮುಂದಿನ ದಸರೆಗೆ ನಾನೇ ನೆನಪು ಮಾಡಿ, “ಕಾಕೂ, ಬಳ್ಳಿ ಸವರೂಣೇನ್ರಿ?” ಎಂದೆ. ಕಾಕು ಚಪ್ಪರ ನೋಡಿ, “ಇನ್ನೂ ಎಚ್ಚರದಾಳ. ಮಲಕೊಳ್ಳಲಿ, ಆಮ್ಯಾಲೆ,” ಎಂದರು. ನಾನು ದಂಗಾದೆ. ಹೀಗಾದರೆ ಹಣ್ಣು ಬರುವುದಿಲ್ಲವಲ್ಲ ಎಂದೆ. “ಹಣ್ಣು ಬೇಕಾದವರು ತಿಂದು ಹೋದ್ರು. ಈಗ ಅವರ ಮಾತು ನಡೀಲಿ,” ಎಂದರು. ಸಂಕ್ರಾಂತಿ ದಾಟಿದ ಮೇಲೆ ಕಾಕಾ ಅವರ ಕಂಬಳಿ ಹೊದ್ದು, ಆ ಚಾಕು ಹಿಡಿದು, ಒಬ್ಬರೇ ಸವರಿದರು. ನಾವು ಆ ವಾಡೆ ಬಿಡುವವರೆಗೂ ಹಾಗೆಯೇ ಸವರಿದರು. ಬಳ್ಳಿ ಮತ್ತೆ ಒಂದೇ ಒಂದು ಹಣ್ಣು ಕೊಡಲಿಲ್ಲ.

ಈಗ ಆ ವಾಡೆ ಇಲ್ಲ, ಕಾಕು ಇಲ್ಲ, ಬಳ್ಳಿಯೂ ಇಲ್ಲ. ಶಿವರಾತ್ರಿಯ ಹೊತ್ತಿಗೆ ಪಕ್ಕದವರು ನಮಗೂ ಒಂದು ಗೊಂಚಲು ಕಳಿಸುತ್ತಾರೆ. ಸಿಹಿ ಹಣ್ಣು, ಬೀಜವಿಲ್ಲ. ತಿನ್ನುವಾಗ ನನ್ನ ನಾಲಿಗೆ ಬೀಜ ಹುಡುಕುತ್ತದೆ.