ಎಣ್ಣೆ ಹೆಚ್ಚಾದ ಜೀನು

ಮೊಮ್ಮಗಳು ಬೆಳಗಾವಿಯಲ್ಲಿ ಹಾರ್ಸ್ ರೈಡಿಂಗ್ ಕಲಿಯುತ್ತಾಳೆ. ಶಾಲೆಯ ಸೂಟಿಗೆ ಗೋಕಾಕಿಗೆ ಬಂದವಳು ತನ್ನ ಸ್ಯಾಡಲ್ಲನ್ನು ಪಡಸಾಲೆಯ ಮೂಲೆಗೆ ಒಗೆದು ಸ್ನಾನಕ್ಕೆ ಹೋದಳು. ಬೆವರು, ಚರ್ಮ, ಅದರ ಮೇಲೊಂದಿಷ್ಟು ಎಣ್ಣೆ... ಆ ವಾಸನೆಗೆ ಓದುತ್ತಿದ್ದ ಪೇಪರ್ ಮಡಚಿಟ್ಟೆ. ಮೂಡಲಗಿ ಕಾಕಾ ಬಂದು ಬಾಜೂಕ್ಕೆ ಕೂತಂತಾಯಿತು.

ಕಾಕಾ ಅಂದರೆ ಅಪ್ಪನ ಚಿಕ್ಕಪ್ಪನ ಮಗ. ಒಂದು ಬಿಳಿ ಕುದುರೆ ಸಾಕಿದ್ದರು. ಕಲ್ಲೋಳಿ, ಮೇಲವಂಕಿ ಕಡೆಯ ಮದುಮಕ್ಕಳೆಲ್ಲ ಅದರ ಮೇಲೇ ಮೆರವಣಿಗೆ ಹೋಗುವವರು. ಕಾನ್ವೆಂಟಿನಿಂದ ಸೂಟಿಗೆ ಬಂದಾಗ ನಾನು ಅವರ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಸವಾರಿ ಮುಗಿದ ಕೂಡಲೇ ಜೀನು, ಲಗಾಮು ಎಲ್ಲ ಹಸಿ ಬಟ್ಟೆಯಿಂದ ಒರೆಸುವರು. ವಾರಕ್ಕೊಮ್ಮೆ ಬಕಲ್ ಬಿಚ್ಚಿ, ಸಬಕಾರ ಹಚ್ಚಿ, ನೆರಳಲ್ಲಿ ಒಣಗಿಸುವರು. ಎಣ್ಣೆ ಮಾತ್ರ ತಿಂಗಳಿಗೊಮ್ಮೆ, ಅದೂ ಬೆರಳ ತುದಿಯಷ್ಟು. ದಿನಾ ಯಾಕೆ ಹಚ್ಚುವುದಿಲ್ಲ ಅಂತ ಕೇಳಿದರೆ, "ಚರ್ಮಕ್ಕ ಹಸಿವಿ ಎಷ್ಟೋ ಅಷ್ಟ ಉಣಸಬೇಕವ್ವಾ. ಹೆಚ್ಚಾತಂದ್ರ ಕಾರತೈತಿ" ಅನ್ನುತ್ತಿದ್ದರು.

ಅಂಥವರು ನಮ್ಮಣ್ಣನ ಮದುವೆಯಲ್ಲಿ ತಮ್ಮ ರೂಲ್ ತಾವೇ ಮುರಿದರು. ಹುಕ್ಕೇರಿಯ ಬೀಗರದು ದೊಡ್ಡ ಮನೆತನ. ಕುದುರೆ ತಮ್ಮದೇ ಬರಬೇಕು ಅಂತ ಕಾಕಾ ಹಟ ಹಿಡಿದಿದ್ದರು. ಲಗ್ನ ಗೊತ್ತಾದಾಗಿನಿಂದ ಜೀನಿಗೆ ದಿನಾ ಔಡಲ ಎಣ್ಣೆ ತಿಕ್ಕಿದರಂತೆ. ಕಪ್ಪಗೆ, ಕನ್ನಡಿಯಂತೆ ಹೊಳೆಯುತ್ತಿತ್ತು. ಮೇಲೆ ಹಾಸುವ ಕಸೂತಿ ಬಟ್ಟೆಯನ್ನೂ ಬೇಡವೆಂದರು. ಹೊಳಪು ಬೀಗರಿಗೆ ಕಾಣಬೇಕಲ್ಲ.

ಬಿಸಿಲೊಳಗೆ ಮೆರವಣಿಗೆ ಊರು ಸುತ್ತಿತು. ಹಂದರದ ಮುಂದೆ ಅಣ್ಣ ಇಳಿದು ತಿರುಗಿದ... ಬಿಳಿ ಧೋತರದ ಹಿಂದೆ ತಟ್ಟೆಯಗಲ ಕರಿ ಕಲೆ. ಹುಡುಗಿಯ ಸೋದರತ್ತೆಯೊಬ್ಬರು, "ಅಳ್ಯಾರು ಕುದುರಿ ಮ್ಯಾಲ ಬಂದ್ರೋ, ಗಾಣದಾಗಿಂದ ಎದ್ದ್ ಬಂದ್ರೋ?" ಅಂದರು. ಹಂದರವೆಲ್ಲ ನಕ್ಕಿತು.

ಕಾಕಾ ತಲೆಗೆ ಸುತ್ತಿದ್ದ ತಮ್ಮ ಪಟಗಾ ಬಿಚ್ಚಿ ಅಣ್ಣನ ಸೊಂಟಕ್ಕೆ ಸುತ್ತಿದರು. ಕಲೆ ಮುಚ್ಚಿತು. ತಾವು ಬರಿದಲೆಯಲ್ಲಿ ಕುದುರೆ ಹಿಡಿದು ನಿಂತರು.

ಅಕ್ಷತೆಯ ಅಕ್ಕಿಕಾಳು ಬಿದ್ದ ಮೇಲೆ ಆಹೇರಿ, ಬಟ್ಟೆ ಕೊಡುವ ಶಾಸ್ತ್ರ. ಮದುಮಗನ ಕಾಕಾಗಳನ್ನು ಬೀಗರ ಎದುರು ಕೂಡಿಸಿ, ಹುಡುಗನ ಅಪ್ಪನೇ ಪಟಗಾ ಸುತ್ತಿ ಮರ್ಯಾದೆ ಮಾಡುವುದು ನಮ್ಮ ಕಡೆಯ ಪದ್ಧತಿ. ಕಾಕಾ ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು, ಸಾಲಿನ ಕೊನೆಗೆ ಬಂದು ಕೂತರು. ಅವರ ಪಾಳಿ ಬಂದಾಗ ಅಪ್ಪ ಪಟಗಾ ಹಿತ್ತಾಳೆ ಪರಾತದೊಳಗೇ ಬಿಟ್ಟು ಬಗ್ಗಿ ಏನೋ ಅಂದರು. ಬೀಗರಿಗೆ ಕೇಳಲಿಲ್ಲ, ಬಾಜೂಕ್ಕಿದ್ದ ನನಗೆ ಕೇಳಿಸಿತು. "ಇದ್ದದ್ದ ಉಳಿಸ್ಕೊಳ್ಳಾಕ ಆಗಲಿಲ್ಲ. ಇನ್ನೊಂದ್ಯಾಕ ನಿನಗ?"

ಕಾಕಾ ಎದ್ದು ಹೋದರು. ಊಟಕ್ಕೂ ನಿಲ್ಲಲಿಲ್ಲ.

ಆಮೇಲೆ ನಮ್ಮ ಮನೆಯ ಯಾವ ಮದುವೆಗೂ ಬರಲಿಲ್ಲ, ನನ್ನದಕ್ಕೂ. ಅಪ್ಪನೂ ಕರೆಯಲು ಹೋಗಲಿಲ್ಲ. ಕಾನ್ವೆಂಟಿನ ಸಿಸ್ಟರ್ಸ್ ನನಗೆ ಎಲ್ಲಕ್ಕಿಂತ ಮೊದಲು ಸಾರಿ ಅನ್ನುವುದನ್ನು ಕಲಿಸಿದ್ದರು. ನಮ್ಮ ಮನೆಯಲ್ಲಿ ಹಿರಿಯರು ಕಿರಿಯರಿಗೆ ಆ ಮಾತು ಅನ್ನುವ ರೂಢಿಯೇ ಇರಲಿಲ್ಲ. ಬಹಳಂದರೆ ಒಂದು ಬಟ್ಟೆ ಒಯ್ದು ಕೊಡುವುದು...

ಕಾಕಾ ತೀರಿಕೊಂಡ ಸುದ್ದಿ ಬಂದ ದಿನ ಅಪ್ಪ ಹೊಸ ಪಟಗಾ ತಗೊಂಡು ಮೂಡಲಗಿಗೆ ಹೊರಟರು. ನಾನೂ ಹೋದೆ. ನಮ್ಮಲ್ಲಿ ಮಾಡುವಂತೆ ಕಾಕಾರಿಗೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸಿದ್ದರು. ಕಾಕಾರ ಹೆಂಡತಿ, ನಮ್ಮ ಕಾಕು, ಅಪ್ಪನ ಕೈಯಲ್ಲಿದ್ದ ಬಟ್ಟೆ ನೋಡಿದರು.

"ಸುತ್ತರಿ ಭಾವಾರ. ಈಗೇನ ಎದ್ದ್ ಹೋಗೂದಿಲ್ಲ ಅವರು."

ಅಪ್ಪ ಸುತ್ತಿದ್ದು ಮತ್ತೆ ಮತ್ತೆ ಜಾರಿತು. ಕೊನೆಗೆ ಕಾಕುನೇ ಸುತ್ತಿದರು.

ಈಗ ಅಪ್ಪನಿಲ್ಲ, ಅಣ್ಣನಿಲ್ಲ, ಕಾಕು ಇಲ್ಲ. ಹುಕ್ಕೇರಿಯ ಸಂಬಂಧಿಕರು ಬಂದರೆ ಆ ಧೋತರದ ಜೋಕ್ ಇನ್ನೂ ಹೇಳಿ ನಗುತ್ತಾರೆ. ಪಟಗಾದ ಹೊತ್ತಿಗೆ ಅಪ್ಪ ಅಂದ ಮಾತು ಅವರಿಗೆ ಗೊತ್ತಿಲ್ಲ. ಹೇಳಬೇಕು ಅನ್ನಿಸುತ್ತದೆ, ಆದರೆ ಅಪ್ಪನ ಹೆಸರು ಅಡ್ಡ ಬರುತ್ತದೆ. ತಲೆ ತಗ್ಗಿಸಿ, ಅವರ ಕಪ್ಪಿಗೆ ಇನ್ನಷ್ಟು ಚಹಾ ಹಾಕುತ್ತೇನೆ.