ಹಾಲಿನ ಕೆನೆ ಮತ್ತು ನೋವಿನ ಪಟ್ಟಿ

ನನ್ನ ಮಗಳು ಸೃಷ್ಟಿ ಹುಟ್ಟಿದಾಗ ಎಣ್ಣೆ ಹಚ್ಚಿ ನೀರು ಎರೆಯಲು ಗುಂಜಿ ಎಂಬ ಹಳ್ಳಿಯಿಂದ ಬಂದವಳು ಸಾವಂತ್ರವ್ವ. ಖಾನಾಪುರದ ಕಡೆಯ ಎಷ್ಟೋ ಮಕ್ಕಳು ಅವಳ ಚಾಚಿದ ಕಾಲ ಮೇಲೆ ಮಲಗಿ ಅತ್ತವರೇ. ಶಿವಬಸವ ನಗರದ ನಮ್ಮ ಮನೆಯಲ್ಲೇ ಉಳಿದು ನನಗೂ ಎರೆದಳು. ಬಾಯಿ ಬಲು ಜೋರು. ನೀರು ಸುಡುತ್ತದೆ ಅಂದರೆ, "ಸುಮ್ನ ಕುಂದರ್ರಿ ಕಾಂತಕ್ಕಾರ, ಕರಗಾಕ ನೀವೇನ್ ಬೆಣ್ಣಿಯೇನು?" ಎಂದು ಇನ್ನೊಂದು ತಂಬಿಗೆ ಸುರಿಯುತ್ತಿದ್ದಳು.

ಒಂದು ಮಾತನ್ನು ಮಾತ್ರ ಅವಳು ಗಟ್ಟಿಯಾಗಿ ನಂಬಿದ್ದಳು: ಮೈ ಎಣ್ಣೆ ಕುಡಿಯುತ್ತದೆ. "ಈಗ ಸುರಿದಿದ್ದು ಎಲ್ಲೈತಿ ನೋಡ್ರಿ? ಕೂಸಿನ ಮೈ ಕುಡದಬಿಟ್ಟಿತು," ಎಂದು ಖಾಲಿ ಅಂಗೈ ತೋರಿಸುತ್ತಿದ್ದಳು. ಸೊರಗಿದ ಕೂಸಾದರೆ ಹಾಲಿನ ಕೆನೆಯನ್ನೂ ತಿಕ್ಕುತ್ತಿದ್ದಳು. ಕೂಸುಗಳು ದುಂಡಗಾಗುತ್ತಿದ್ದವು. ತಾಯಿಯ ಹಾಲಿನಿಂದಲೋ, ಇವಳ ಕೆನೆಯಿಂದಲೋ, ಯಾರು ಕೇಳಲು ಹೋದರು!

ಸೃಷ್ಟಿಗೆ ಮೂರು ತುಂಬುವ ಹೊತ್ತಿಗೆ, ಎರಡು ಸಾವಿರದ ಇಸವಿಯ ಆಸುಪಾಸು, ಅವಳು ಗಂಡ ಸತ್ಯಪ್ಪನನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದಳು. ಎಮ್ಮೆ ಕಾಯುತ್ತ, ತಂಬಾಕು ಅಗಿಯುತ್ತ ಬದುಕಿದ ಮನುಷ್ಯ. ಗಂಟಲಲ್ಲಿ ಕ್ಯಾನ್ಸರ್, ತೀರಾ ಬಲಿತಿತ್ತು. ಆಸ್ಪತ್ರೆ ಹತ್ತಿರವೆಂದು ನಮ್ಮ ಹಿತ್ತಲ ಕೋಣೆ ಬಿಟ್ಟುಕೊಟ್ಟೆ. ಅವನಿಗೆ ನುಂಗಲು ಆಗುತ್ತಿರಲಿಲ್ಲ. ಮೂಗಿನಿಂದ ಹಾಕಿದ ನಳಿಗೆಯನ್ನು ಕಿತ್ತೆಸೆದವನು ಮತ್ತೆ ಹಾಕಲು ಬಿಡಲೇ ಇಲ್ಲ.

ನೋವಿಗೆಂದು ಆಸ್ಪತ್ರೆಯ ಡಾಕ್ಟರ್ ಓಂಕಾರ ಅವನ ಎದೆಗೊಂದು ಪಟ್ಟಿ ಅಂಟಿಸಿದರು. ಅದರೊಳಗಿನ ಔಷಧ ಚರ್ಮದೊಳಗಿಂದ ಮೆಲ್ಲಗೆ ರಕ್ತಕ್ಕೆ ಇಳಿಯುತ್ತದೆ ಎಂದರು. ಮರುದಿನ ಸತ್ಯಪ್ಪ ಕಣ್ತುಂಬ ನಿದ್ದೆ ಮಾಡಿದ. ಸಾವಂತ್ರವ್ವ ಬಾಗಿಲಲ್ಲಿ ಕೂತು ಅದನ್ನೇ ನೋಡುತ್ತಿದ್ದಳು.

"ಕಾಂತಕ್ಕಾರ, ತೊಗಲಿನಾಗಿಂದ ಔಷಧ ಇಳೀತೈತಿ ಅಂದ್ರ ಊಟ ಯಾಕ ಇಳೀಬಾರದ್ರಿ?"

ನನಗೇನು ಗೊತ್ತು, ತಲೆ!

"ಉಪಾಸ ಸಾಯಬಾರದ್ರೀ ಅವ್ರು," ಎಂದಳು. "ರೊಟ್ಟಿ ಬಡದ ಬಡದ ನನ್ನ ಕೈ ಸೋಲತಿತ್ತು, ಅವ್ರ ಹೊಟ್ಟಿ ಸೋಲತಿರಲಿಲ್ಲ."

ಅಂದಿನಿಂದ ಶುರುವಾಯಿತು. ಬೆಳಿಗ್ಗೆ ಕೆನೆ, ಸಂಜೆ ತುಪ್ಪ. ಎದೆ, ಬೆನ್ನು, ಹೊಟ್ಟೆ, ಒಂದೂ ಬಿಡಲಿಲ್ಲ. ಕೋಣೆಯೆಲ್ಲ ಹುಳಿ ವಾಸನೆ. ನಾನು ಗದರಿದರೆ, "ಕೈಕಾಲು ತುಂಬ್ಯಾವ ನೋಡ್ರಿ," ಅನ್ನುತ್ತಿದ್ದಳು. ಎಲ್ಲಿ ತುಂಬಿದ್ದವು? ನನ್ನ ಕಣ್ಣಿಗೆ ಬರೀ ಎಲುಬು ಕಾಣುತ್ತಿತ್ತು. ಸತ್ಯಪ್ಪ ಕಣ್ಣು ಮುಚ್ಚಿಕೊಂಡು ಅವಳು ಮಾಡಿದ್ದನ್ನೆಲ್ಲ ಮಾಡಿಸಿಕೊಂಡ.

ಒಂದು ಬೆಳಿಗ್ಗೆ ಅವನು ಕೌದಿ ಕಚ್ಚಿಕೊಂಡು ಹೊರಳಾಡುತ್ತಿದ್ದ. ಡಾಕ್ಟರು ಓಡಿ ಬಂದರು. ಪಟ್ಟಿ ಎದೆಯ ಮೇಲಿರಲಿಲ್ಲ, ತುಪ್ಪ ಮೆತ್ತಿಕೊಂಡು ಕೌದಿಯ ಮಡಿಕೆಯಲ್ಲಿ ಬಿದ್ದಿತ್ತು.

"ಜಿಡ್ಡು ತಾಗಿದ್ರ ಅಂಟು ಬಿಡತೈತಿ ಅಂತ ಹೇಳಿದ್ದಿಲ್ಲೇನವಾ?" ಎಂದು ರೇಗಿದ ಡಾಕ್ಟರು ಕೆನೆಯ ಬಟ್ಟಲು ನೋಡಿ ದನಿ ಇಳಿಸಿದರು. ಎದೆ ಒರೆಸಿ ಹೊಸ ಪಟ್ಟಿ ಅಂಟಿಸಿದರು. ಅದರ ಔಷಧ ಮೈಗೆ ಇಳಿಯುವವರೆಗೆ ನೋವು ತಡೆಯಲೆಂದು ಸೂಜಿ ಚುಚ್ಚಿದರು. ಆಮೇಲೆ ಅವಳ ಎದುರು ಕೂತರು.

"ತೊಗಲು ಅಂದ್ರ ಮನಿ ಗ್ವಾಡಿ ಇದ್ಹಂಗವಾ. ಹೊರಗಿಂದು ಒಳಗ ಬಿಡೂದಿಲ್ಲ. ಸಂದಿನಾಗ ಒಂಚೂರು ಜಿಡ್ಡು ಐತಿ. ಈ ಔಷಧದ ಕಣ ಭಾಳ ಸಣ್ಣದು, ಆ ಜಿಡ್ಡಿನಾಗ ಕರಗಿ ನುಸುಳತೈತಿ. ಮತ್ತ ಅದು ಚೂರ ಸಾಕು. ಹಾಲಿನ ಸತ್ವದ ಕಣ ದೊಡ್ಡದು. ಅದನ್ನ ಒಡದು ಸಣ್ಣದು ಮಾಡಾಕ ಹೊಟ್ಟೀನ ಬೇಕು."

"ಬಳ್ಳೊಳ್ಳಿ ಅಂಗಾಲಿಗೆ ತಿಕ್ಕಿದ್ರ ಬಾಯಾಗ ವಾಸನಿ ಬರತೈತಲ್ರಿ!"

"ಬರತೈತಿ, ಖರೇ. ಅದೂ ಸಣ್ಣದ. ಆದ್ರ ವಾಸನಿಯಿಂದ ಹೊಟ್ಟಿ ತುಂಬತೈತೇನು?"

"ಹಂಗಾರ ನಾ ಇಷ್ಟು ದಿನಾ ಹಚ್ಚಿದ್ದು?"

"ಮ್ಯಾಲ ಉಳದೈತವಾ."

ಸಾವಂತ್ರವ್ವ ಸೆರಗಿಗೆ ಕೈ ಒರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಇದ್ದಳು. ಆಮೇಲೆ ಗಂಡನನ್ನು ಮುಟ್ಟಲೇ ಹೆದರಿದಳು. ಮಾತೂ ಹೋಯಿತು. ಆ ಜೋರುಬಾಯಿಯವಳು ಮೂಲೆ ಹಿಡಿದು ಕೂತಳು.

ಒಂದು ಸಂಜೆ ನಾನು ಅವನ ತುಟಿಗೆ ಹಸಿ ಬಟ್ಟೆ ಒತ್ತುತ್ತಿದ್ದೆ. ಸತ್ಯಪ್ಪ ಹೆಂಡತಿಯನ್ನು ಸನ್ನೆ ಮಾಡಿ ಕರೆದ, ಅವಳ ಕೈಯನ್ನು ತನ್ನ ಕಾಲಿನತ್ತ ತಳ್ಳಿದ. ದನಿ ಹೋಗಿತ್ತು, ಉಸಿರಲ್ಲೇ ಅಂದ: "ಹಚ್ಚ."

"ಒಳಗ ಹೋಗೂದಿಲ್ಲಂತ್ರೀ ಅದು," ಎಂದಳು ಅಳುತ್ತಾ.

"ಗೊತ್ತೈತಿ. ಹಚ್ಚ."

ಅವನಿಗೆ ಮೊದಲಿನಿಂದಲೂ ಗೊತ್ತಿತ್ತು! ಅವಳು ಪಟ್ಟಿಯಿಂದ ದೂರ, ಬರೀ ಪಾದಕ್ಕೆ, ಎಣ್ಣೆ ಹಚ್ಚಿದಳು. ನಾನೂ ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಅದೇ ವಾರ ಅವನು ತೀರಿಕೊಂಡ. ಟೆಂಪೋದಲ್ಲಿ ಗುಂಜಿಗೆ ಒಯ್ದರು, ನಾನೂ ಹೋದೆ. ಅಂಗಳದಲ್ಲಿ ಕಡೆಯ ಸ್ನಾನಕ್ಕೆ ಕೂರಿಸಿದಾಗ ಸಾವಂತ್ರವ್ವ ತಾನೇ ಎರೆಯುತ್ತೇನೆಂದು ಹಟ ಹಿಡಿದಳು. ತಲೆಗೆ, ಕೈಗೆ, ಕಾಲಿಗೆ ಎಣ್ಣೆ ಹಚ್ಚಿದಳು. ಎದೆಯ ಹತ್ತಿರ ಬಂದು ಕೈ ನಿಂತಿತು. ಪಟ್ಟಿ ಇನ್ನೂ ಅಲ್ಲೇ ಇತ್ತು.

"ಇನ್ನ ಇದ್ಯಾಕ ವೈನಿ, ತಗದಬಿಡತೀನಿ," ಎಂದು ಮೈದುನ ತಮ್ಮಣ್ಣ ಕೈ ಚಾಚಿದ.

ಅವಳು ಅವನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು.

"ಬ್ಯಾಡೋ ತಮ್ಮಣ್ಣಾ, ಕೀಳಬ್ಯಾಡ. ಮತ್ತ ಬ್ಯಾನಿ ಎದ್ದೀತು."

ಪಟ್ಟಿಯ ಮೇಲೆ ಒಂದು ಅಂಗೈ ಅಡ್ಡ ಹಿಡಿದು, ಅದಕ್ಕೆ ಒಂದು ಹನಿಯೂ ತಾಗದಂತೆ, ಗಂಡನಿಗೆ ನೀರು ಎರೆದಳು.