ಲವಿಟಾ ಎತ್ತಬೇಕಿದ್ದ ಮುಡಿ

ಲವಿಟಾ, ಅವತ್ತು ನಿನ್ನನ್ನು ಹುಲಿಯಾಗಲು ಬಿಡದವರು ವಾಮನಣ್ಣ ಅಲ್ಲ. ನಾನು.

ಇಷ್ಟನ್ನೇ ಎರಡು ಸಲ ಬರೆದು ಅಳಿಸಿಯೂ ಆಗಿದೆ. ಈಗ ನಡುವೆ ನಿಲ್ಲಿಸಿದರೆ ಮತ್ತೆ ಅಳಿಸುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಹಾಗಾಗಿ ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ — ಯಾಕೆಂದರೆ ನಿನಗೆ ಗೊತ್ತಿರುವುದರಲ್ಲಿ ಅರ್ಧ ನಾನು ಕಟ್ಟಿದ್ದು.

ಕಾಲೇಜಿನಲ್ಲಿ ಜಾನಪದ ಕೂಟ ಶುರು ಮಾಡಿದವಳು ನಾನು, ಅಧ್ಯಕ್ಷೆಯೂ ನಾನೇ. ಹೆಸರಿಗೆ ಜಾನಪದ, ಒಳಗಿನ ಆಸೆ ಹುಲಿವೇಷ ಒಂದೇ. ಪ್ರತಿ ದಸರಾಕ್ಕೆ ನಮ್ಮ ಅಂಗಳದಲ್ಲಿ ಅಣ್ಣನ ಮೈಗೆ ಹಳದಿ ಬಳಿಯುವಾಗ ನಾನು ಬಣ್ಣದ ಡಬ್ಬ ಹಿಡಿದು ನಿಲ್ಲುತ್ತಿದ್ದೆ. ತಾಸೆ ವಾದ್ಯದ ಬಡಿತಕ್ಕೆ ನನ್ನ ಕಾಲೂ ಎದ್ದರೆ ಮಾವಂದಿರು ನಗುತ್ತಿದ್ದರು, ಹೆಣ್ಣು ಹುಲಿ ಕಾಡಿನಲ್ಲಿರಲಿ ಅಂತ. ಆ ನಗೆಗೆ ಉತ್ತರ ಕೊಡಬೇಕಿತ್ತು ನನಗೆ. ಪ್ರಿನ್ಸಿಪಾಲರ ಎದುರು ವಾದ ಮಾಡಿ ಹುಡುಗಿಯರ ತಂಡ ಕಟ್ಟಿದೆ. ಕಲಿಸಲು ಕುದ್ರೋಳಿಯಿಂದ ವಾಮನಣ್ಣನನ್ನು ಕರೆತಂದೆ. ಹುಲಿ ಕುಣಿಸಿ ಕುಣಿಸಿಯೇ ತಲೆ ನರೆತ ಮನುಷ್ಯ ಅವರು.

ನೀನು ಬಂದದ್ದು ತಮಾಷೆಗೆ. "ತಾಸೆ ಕೇಳಿದ್ರೆ ಕಾಲು ನಿಲ್ಲುದಿಲ್ಲ ಮಾರಾಯ್ತಿ, ನನ್ನನ್ನೂ ಸೇರಿಸು" ಅಂದೆ. ಸೇರಿಸಿದೆ. ನಿನ್ನ ಅಮ್ಮನಿಗೆ ಮನಸ್ಸಿರಲಿಲ್ಲ — ಪೂಜೆಗೀಜೆ ಇರುವಲ್ಲಿ ನಮಗೇನು ಕೆಲಸ ಅಂದಿದ್ದರು. ನೀನು ಹಟ ಮಾಡಿ ಒಪ್ಪಿಸಿದೆ. ಆಮೇಲೆ ಅವರೇ ನಿಮ್ಮ ಬಿಕರ್ನಕಟ್ಟೆಯ ಬಾಲಯೇಸುವಿನ ಎದುರು ಮೇಣದಬತ್ತಿ ಹಚ್ಚಿ ಬಂದರಂತೆ, ಮಗಳ ಹಲ್ಲಿಗೂ ಕುತ್ತಿಗೆಗೂ ಏನೂ ಆಗದಿರಲಿ ಅಂತ. ನೀನೇ ನಗಾಡುತ್ತ ಹೇಳಿದ್ದು ಅದನ್ನು.

ಹಲ್ಲು, ಕುತ್ತಿಗೆ — ಎಲ್ಲ ಆ ಮುಡಿಗಾಗಿ. ತಂಡದ ಮುಖ್ಯ ಹುಲಿ, ಹುಲ್ಲಿನಲ್ಲಿ ಬಿಗಿದ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಹಾರಿಸಬೇಕು. ಜನ ಕಾಯುವುದೇ ಅದಕ್ಕೆ. ನಮಗಾಗಿ ವಾಮನಣ್ಣ ಸ್ವಲ್ಪ ಸಣ್ಣ ಮುಡಿ ಕಟ್ಟಿಸಿದ್ದರು. ಅಧ್ಯಕ್ಷೆ ಅಂತ ಮೊದಲು ಸಿಕ್ಕಿದ್ದು ನನಗೇ. ತಿಂಗಳುಗಟ್ಟಲೆ ಕಚ್ಚಿದೆ. ದವಡೆ ಬಾತು ಗಂಜಿ ಕುಡಿದ ದಿನಗಳಿವೆ. ಮುಡಿ ನನ್ನ ಮೊಣಕಾಲಿನವರೆಗೆ ಬರುತ್ತಿತ್ತು, ಅಲ್ಲಿಂದ ಮೇಲೆ ಬರಲೊಲ್ಲದು. ಒಂದು ಸಂಜೆ ನೀನು "ನಾನೊಮ್ಮೆ ನೋಡ್ಲಾ?" ಅಂತ ಬಗ್ಗಿದವಳು ಹಾರಿಸಿಯೇಬಿಟ್ಟೆ. ಮುಡಿ ಹೋಗಿ ಗೋಡೆಗೆ ಬಡಿಯಿತು. ವಾಮನಣ್ಣ ಎದ್ದು ನಿಂತು "ಅಬ್ಬಾ! ಇದು ಪಿಲಿ! ನಿಜವಾದ ಹುಲಿ! ಮುಡಿ ಇನ್ನು ಇವಳಿಗೇ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಹೊಟ್ಟೆಗೆ ಬೆಂಕಿ ಬಿದ್ದಿತ್ತು, ಲವಿಟಾ.

ಮರುದಿನ ವಾಮನಣ್ಣ ಒಬ್ಬರೇ ಇರುವಾಗ ಕೇಳಿದೆ, "ಅವಳು ಕ್ರಿಶ್ಚಿಯನ್ ಅಲ್ವಾ ಅಣ್ಣ, ತೊಂದರೆ ಇಲ್ವಾ?" ಕಾಳಜಿಯಿಂದ ಕೇಳಿದ್ದಲ್ಲ. ಇದೆ ಅನ್ನಲಿ ಅಂತ ಕೇಳಿದ್ದು. ಅವರು ತಾಸೆಯ ಚರ್ಮ ಬಿಗಿಯುತ್ತ ತಲೆ ಎತ್ತದೆಯೇ ಹೇಳಿದರು:

"ಬಣ್ಣ ಹಾಕಿದ ಮೇಲೆ ಹುಲಿ. ಹುಲಿಗೆ ಎಂತ ಜಾತಿ ಮಗಾ?"

ಈ ಮಾತನ್ನು ನಿನಗೆ ನಾನು ಯಾವತ್ತೂ ಹೇಳಲಿಲ್ಲ. ಹೇಳಿದ್ದರೆ ಮುಂದಿನದ್ದು ಯಾವುದೂ ನಡೆಯುತ್ತಿರಲಿಲ್ಲ.

ದಸರಾದ ಹುಲಿವೇಷ ಸ್ಪರ್ಧೆ ಕದ್ರಿಯಲ್ಲಿ, ಮಧ್ಯಾಹ್ನ. ಬೆಳಿಗ್ಗೆ ಕಾಲೇಜಿನ ಹಿಂದಿನ ಕೋಣೆಯಲ್ಲಿ ತಲೆಗೆ ತೊಡುವ ಹುಲಿಮಂಡೆಗಳನ್ನು ಸಾಲಾಗಿ ಇಟ್ಟು ಊದಿನ ಧೂಪದ ಹೊಗೆ ಹಾಕಿದ್ದರು. ಆ ಪೂಜೆ ಆದ ಮೇಲೆಯೇ ಬಣ್ಣ. ಮುಟ್ಟಾದವರು ಆ ಕೋಣೆಗೆ ಬರಬಾರದು, ಅವತ್ತು ವೇಷ ಹಾಕಬಾರದು ಎನ್ನುವುದು ವಾಮನಣ್ಣನ ಹಿರಿಯರಿಂದ ಬಂದ ಕ್ರಮ. ಆದರೆ ಹುಡುಗಿಯರ ಹತ್ತಿರ ಅದನ್ನು ಬಾಯಿಬಿಟ್ಟು ಕೇಳಲು ಅವರಿಗೆ ನಾಚಿಕೆ. "ಅದೆಲ್ಲ ನೀನೇ ನೋಡ್ಕೊ ಮಗಾ, ನಾನು ಕೇಳುದಿಲ್ಲ" ಅಂತ ಮೊದಲ ವಾರವೇ ನನಗೆ ಬಿಟ್ಟಿದ್ದರು. ಯಾರಿಗಾದರೂ ಆಗದಿದ್ದರೆ ಅಧ್ಯಕ್ಷೆ ಬಂದು ಒಂದು ಮಾತು ಹೇಳುವುದು, ಅವರು ಮರುಮಾತಿಲ್ಲದೆ ನಂಬುವುದು.

ಇನ್ನು ಇದನ್ನು ಹೇಗೆ ಬರೆಯಲಿ — ಆ ಬೆಳಿಗ್ಗೆ ಮುಟ್ಟಾದದ್ದು ನಾನು.

ಎದ್ದಾಗಲೇ ಗೊತ್ತಾಗಿತ್ತು. ಆ ಕ್ರಮವನ್ನು ನಾನು ಒಪ್ಪುತ್ತಿದ್ದೆನಾ? ಇಲ್ಲ. ಹಾಗಿದ್ದರೆ ಎದುರು ನಿಂತು ಕೇಳಬಹುದಿತ್ತು. ಕೇಳಲಿಲ್ಲ, ಅಡಗಿಸಿದೆ. ಅಡಗಿಸಿದ ಮೇಲೆ ಭಯ. ಯಾರಾದರೂ ನೋಡಿಯಾರು, ದೇವರ ಕಾರ್ಯದಲ್ಲಿ ಏನಾದರೂ ಆದೀತು, ನಂಬದವಳನ್ನೂ ಬಿಡದ ಭಯ. ವಾಮನಣ್ಣ ನನ್ನ ಮುಖ ನೋಡಿ "ಎಂತ ಮಗಾ, ಯಾರಿಗಾದ್ರೂ ತೊಂದರೆ ಉಂಟಾ?" ಅಂದರು. ನನ್ನ ಬಗ್ಗೆ ತಿಳಿಯಿತು ಅಂದುಕೊಂಡೆ. ಬಾಯಿಗೆ ಬಂದದ್ದು ನಿನ್ನ ಹೆಸರು.

"ಲವಿಟಾಗೆ ಇವತ್ತು ಆಗುದಿಲ್ಲ ಅಣ್ಣ. ಅವಳಿಗೆ ಹೇಳ್ಲಿಕ್ಕೆ ನಾಚಿಕೆ. ನೀವೂ ಕೇಳ್ಬೇಡಿ."

"ಛೆ ಛೆ, ಪಾಪ" ಅಂದರು ಅವರು.

ಗಾಬರಿಯಲ್ಲಿ ಜಾರಿದ ಮಾತು ಅಂತ ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ. ಜಾರಿದ್ದಾದರೆ ಬೇರೆ ಯಾರ ಹೆಸರೂ ಬರಬಹುದಿತ್ತು. ತಂಡದಲ್ಲಿ ಅಷ್ಟು ಹುಡುಗಿಯರಿದ್ದರು. ನಿನ್ನದೇ ಬಂತು.

ನೀನು ಕೂದಲನ್ನು ಬಿಗಿಯಾಗಿ ಕಟ್ಟಿಕೊಂಡು ಬಾಗಿಲಿಗೆ ಬಂದೆ. ವಾಮನಣ್ಣ ನೆಲ ನೋಡುತ್ತ "ಇವತ್ತು ಬೇಡ ಮಗಾ. ಬರುವ ವರ್ಷ ನೋಡುವಾ" ಅಂದರು. ಅದಕ್ಕಿಂತ ಹೆಚ್ಚು ಅವರು ಹೇಳುವವರಲ್ಲ. ನೀನು ಅವರನ್ನು ನೋಡಿದೆ, ಹೊಗೆಯನ್ನು ನೋಡಿದೆ, ಆಮೇಲೆ ನನ್ನ ಕಡೆ ತಿರುಗಿ ಸಣ್ಣ ಸ್ವರದಲ್ಲಿ ಕೇಳಿದೆ:

"ನಾನು ಕ್ರಿಶ್ಚಿಯನ್ ಅಂತವಾ?"

ಮೊದಲ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಅಲ್ಲೊಂದು ಗಳಿಗೆ ಇತ್ತು. ಅಲ್ಲ ಅನ್ನುವ ಒಂದು ಮಾತು ಸಾಕಿತ್ತು. ನಾನು "ಇರ್ಬೇಕು" ಅಂದೆ.

ನೀನು ಅತ್ತೆ. ನಾನೂ ನಿನ್ನನ್ನು ತಬ್ಬಿಕೊಂಡು ಅತ್ತೆ. ಆ ಅಳು ನಾಟಕವಲ್ಲ, ಆದರೆ ನಿನಗಾಗಿ ಅತ್ತದ್ದೂ ಅಲ್ಲ. ಆಮೇಲೆ ಹೋಗಿ ಬಣ್ಣ ಹಾಕಿಸಿಕೊಂಡೆ. ಕದ್ರಿಯಲ್ಲಿ ಮುಡಿ ಕಚ್ಚಿದೆ, ಅದು ಮೊಣಕಾಲಿನವರೆಗೆ ಬಂತು. ಹುಡುಗಿಯರಲ್ವಾ ಅಂತ ಜನ ಅಷ್ಟಕ್ಕೇ ಶಿಳ್ಳೆ ಹಾಕಿದರು. ಆ ಫೋಟೊವನ್ನು ಅಪ್ಪ ಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದ್ದಾರೆ. ಮನೆಗೆ ಬಂದವರಿಗೆಲ್ಲ ಇವತ್ತಿಗೂ ತೋರಿಸುತ್ತಾರೆ.

ನೀನು ಸ್ಟೇಟಸ್ ಹಾಕಿದೆ, "ಹುಲಿಗೂ ಧರ್ಮ ಉಂಟಂತೆ" ಅಂತ. ಹಾಕಬೇಕಾದದ್ದೇ. ಕಾಲೇಜಿಡೀ ಹರಡಿತು. ಪ್ರಿನ್ಸಿಪಾಲರು ವಾಮನಣ್ಣನನ್ನು ಕರೆಸಿ, ಮತಭೇದ ಮಾಡಿದಿರಾ ಅಂತ ಕೇಳಿದರು. ಕೂಟದ ಅಧ್ಯಕ್ಷೆಯಾಗಿ ನಾನು ಅಲ್ಲೇ ನಿಂತಿದ್ದೆ. ಅವರು ಒಮ್ಮೆ ನನ್ನ ಕಡೆ ನೋಡಿದರು — ಹೆಣ್ಣುಮಗಳ ವಿಷಯ, ಹೆಣ್ಣುಮಗಳೇ ಹೇಳಲಿ ಅಂತ ಇರಬೇಕು. ನಾನು ಮೇಜಿನ ಕಾಲು ನೋಡುತ್ತ ನಿಂತೆ. ಕಡೆಗೆ ಅವರು ಕೈಮುಗಿದು "ತಪ್ಪಾಯ್ತು ಸರ್" ಅಂದರು. ನಿನ್ನ ಮಾನ ಕಾಯಲಿಕ್ಕೆ ಅವರು ತಮ್ಮದನ್ನು ಬಿಟ್ಟುಕೊಟ್ಟರು. ಆಮೇಲೆ ನಮ್ಮ ಕಾಲೇಜಿಗೆ ಅವರನ್ನು ಕರೆಯಲಿಲ್ಲ, ಬೇರೆ ಕಾಲೇಜಿನವರೂ ಬಿಟ್ಟರು.

ನೀನು ಕೂಟ ಬಿಟ್ಟೆ. ಈಗ ಮಸ್ಕತ್ತಿನಲ್ಲಿ ನರ್ಸ್. ನನ್ನ ಹುಟ್ಟುಹಬ್ಬಕ್ಕೆ ಮೊದಲ ಮೆಸೇಜು ಯಾವಾಗಲೂ ನಿನ್ನದೇ. ಹೋದ ವರ್ಷ ನೀನು ಬರೆದಿದ್ದೆ, "ಆ ದಿನ ನನ್ನ ಒಟ್ಟಿಗೆ ನಿಂತದ್ದು ನೀನೊಬ್ಳೇ ಮಾರಾಯ್ತಿ" ಅಂತ. ಅದಕ್ಕೆ ನಾನು ಒಂದು ಹೃದಯದ ಚಿತ್ರ ಕಳಿಸಿದೆ. ಕಳಿಸಿ, ಫೋನನ್ನು ಕವುಚಿ ಹಾಕಿದೆ.

ಕಳೆದ ವಾರ ಕೂಟದ ಈಗಿನ ಅಧ್ಯಕ್ಷೆ ಫೋನು ಮಾಡಿದಳು. ಹುಡುಗಿಯರಿಗೆ ವಾಮನಣ್ಣನೇ ಬೇಕಂತೆ, ಪ್ರಿನ್ಸಿಪಾಲರು ಹಳೆಯ ದೂರು ಇದೆ ಅನ್ನುತ್ತಾರಂತೆ. "ಅಕ್ಕ, ಆಗ ನೀವಲ್ವಾ ಪ್ರೆಸಿಡೆಂಟ್? ಎಂತ ಆದದ್ದು ಅಂತ ಶನಿವಾರ ಬಂದು ನೀವೊಂದು ಮಾತು ಹೇಳಿದ್ರೆ ಸಾಕು." ಅಂದಿನಿಂದ ಅನ್ನ ಇಳಿಯುತ್ತಿಲ್ಲ.

ಮೊನ್ನೆ ಕುದ್ರೋಳಿಗೆ ಹೋದೆ, ಅವರ ಕಾಲಿಗೆ ಬಿದ್ದು ಹೇಳುವ ಅಂತ. ವಾಮನಣ್ಣ ತುಂಬ ಇಳಿದಿದ್ದಾರೆ. ಚಾ ಕೊಡಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಕೇಳಿದರು, "ಆ ಬಿಕರ್ನಕಟ್ಟೆಯ ಹುಡುಗಿ ಹೇಗುಂಟು ಮಗಾ? ಅವತ್ತು ನಾನು ಅವಳ ಹತ್ರ ಸರಿಯಾಗಿ ಹೇಳ್ಬೇಕಿತ್ತು. ಗಂಡಸು ನಾನು, ಎಂತ ಅಂತ ಹೇಳುದು? ಅವಳಿಗೆ ಬೇಜಾರು ಮಾಡಿಬಿಟ್ಟೆ." ಇಷ್ಟು ವರ್ಷ ಅವರು ತಮ್ಮನ್ನೇ ಬೈದುಕೊಂಡಿದ್ದಾರೆ. ಆಗಲೂ ನನಗೆ ಹೇಳಲಾಗಲಿಲ್ಲ. ಚಾ ಕುಡಿದು, ಲೋಟ ಇಟ್ಟು, ಎದ್ದು ಬಂದೆ. ಥೂ ನನ್ನ ಜನ್ಮಕ್ಕೆ.

ಶನಿವಾರ ಪ್ರಿನ್ಸಿಪಾಲರ ಎದುರು, ವಾಮನಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲ ಹೇಳುತ್ತೇನೆ. ಆ ಹುಡುಗಿಯರೂ ಕೇಳಲಿ. ಆದರೆ ಅದಕ್ಕಿಂತ ಮೊದಲು ನಿನಗೆ ತಿಳಿಯಬೇಕು. ಕ್ಷಮಿಸು ಅಂತ ಕೇಳುವುದಿಲ್ಲ, ಕೇಳುವ ಮುಖ ಇಲ್ಲ. ನಿನ್ನ ಅಮ್ಮನಿಗೂ ಇದನ್ನು ಓದಿ ಹೇಳು. ಇನ್ನು ಮೇಲೆ ನನ್ನ ಹುಟ್ಟುಹಬ್ಬಕ್ಕೆ ನಿನ್ನ ಮೆಸೇಜು ಬಾರದಿದ್ದರೆ, ಯಾಕೆ ಅಂತ ನಾನು ಕೇಳುವುದಿಲ್ಲ.

ಊದಿನ ಕೋಣೆಯ ಬಾಗಿಲಲ್ಲಿ ನಿಂತು ನೀನು ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಇಷ್ಟೇ. ನೀನು ಕ್ರಿಶ್ಚಿಯನ್ ಅಂತ ಅಲ್ಲ, ಲವಿಟಾ. ನನ್ನಿಂದ ಆಗದ ಆ ಮುಡಿ ನಿನ್ನಿಂದ ಹಾರುತ್ತಿತ್ತು. ಅದಕ್ಕೆ.